ತಿಳವಳ್ಳಿ ಕಡೆಯ ತೂಬು ಮತ್ತು ನಾನು ಹೊಸೆದ ಹಗ್ಗ

ಸವಣೂರಿನ ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಜೈನಾಬಿ ಮೂವತ್ತು ವರ್ಷ ಶಿಗ್ಗಾಂವದ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದಳು ಎಂದು ಹೇಳುತ್ತಾರೆ. ತಪ್ಪು ಅವರದಲ್ಲ. ಪಕ್ಕದ ಮನೆಯ ಖಾಲಾ ಒಮ್ಮೆ, "ಏನು ಕೆಲಸ ನಿನ್ನದು?" ಎಂದು ಕೇಳಿದಾಗ, "ಒಂದು ಲೈಬ್ರರಿ ನೋಡಿಕೊಳ್ಳುತ್ತೇನೆ" ಅಂದುಬಿಟ್ಟೆ. ಮರುದಿನ ಆಕೆ ಅಡುಗೆ ಪುಸ್ತಕ ಬೇಕೆಂದು ಬಂದರು. ಬಿಡಿಸಿ ಹೇಳುವುದಕ್ಕಿಂತ ಇದೇ ಸುಲಭ ಅನ್ನಿಸಿ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಅಡುಗೆ ಪುಸ್ತಕ ಕೊಂಡು ತಂದುಕೊಟ್ಟೆ. ನನ್ನ ಲೈಬ್ರರಿಯಿಂದ ಹೊರಗೆ ಹೋದ ಪುಸ್ತಕ ಅದೊಂದೇ. ಅದು ಇನ್ನೂ ವಾಪಸು ಬಂದಿಲ್ಲ.

ಕಂಪ್ಯೂಟರಿನವರ ಲೈಬ್ರರಿ ಬೇರೆ. ಒಂದು ಕೆಲಸವನ್ನು ಒಮ್ಮೆ ಸರಿಯಾಗಿ ಬರೆದಿಟ್ಟರೆ, ಉಳಿದ ಪ್ರೋಗ್ರಾಮುಗಳು ಬೇಕಾದಾಗ ಅದನ್ನು ಕರೆದು ದುಡಿಸಿಕೊಳ್ಳುತ್ತವೆ. ನಾನು ಬರೆದದ್ದು ದೂರದ ಎರಡು ಯಂತ್ರಗಳ ನಡುವೆ ಮಾತು ಒಯ್ಯುವ ಲೈಬ್ರರಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, "ಮೇಡಂ, ಏನಾದರೂ ಹೇಳಿ" ಎನ್ನುತ್ತಾರೆ. ಬಾಯಲ್ಲಿ ಹೇಳಿದರೆ ನಾನು ನಡುನಡುವೆ ಜಾಣೆಯಾಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಸುಳ್ಳು ಹೇಳಲು ಕೈಗೆ ಆಲಸ್ಯ.

ಶಿಗ್ಗಾಂವದಲ್ಲಿ ಹೆದ್ದಾರಿಯ ಬದಿಗೆ ಪಂಪುಸೆಟ್ಟಿನ ಸ್ಟಾರ್ಟರ್ ಮಾಡುವ ಒಂದು ಸಣ್ಣ ಕಾರ್ಖಾನೆ ಇತ್ತು. ಡಿಪ್ಲೊಮಾ ಮುಗಿಸಿ ಅಲ್ಲಿ ಬೆಸುಗೆ ಹಾಕುವ ಕೆಲಸಕ್ಕೆ ಸೇರಿದೆ. ಮಾಲೀಕರು ಹಿರೇಬೆಂಡಿಗೇರಿಯ ಗುರುಬಸಪ್ಪನವರು. ಅವರಿಗೆ ಟೈಪು ಮಾಡಲು ಬರುತ್ತಿರಲಿಲ್ಲ, ಆದರೆ ಯಂತ್ರದ ಮೇಲೆ ಕೈಯಿಟ್ಟರೆ ಅದರ ಜ್ವರ ಎಷ್ಟೆಂದು ಹೇಳುತ್ತಿದ್ದರು. ಸ್ಟಾರ್ಟರಿನಿಂದ ನಾವು ನಿಧಾನವಾಗಿ ದೂರದಿಂದ ಚಾಲೂ ಮಾಡುವ ಡಬ್ಬಿಗಳಿಗೆ ಬಂದೆವು. ಡಬ್ಬಿಗಳು ಮಾತನಾಡಬೇಕಾಯಿತು. ಮಾತನಾಡಿಸುವವರು ಯಾರೂ ಇಲ್ಲದ್ದರಿಂದ ನಾನು ರಾತ್ರಿ ಹೊತ್ತು, ಶಾಲೆಯ ಮಕ್ಕಳ ಹಾಗೆ ಪುಸ್ತಕ ಓದಿ ಪ್ರೋಗ್ರಾಮು ಬರೆಯಲು ಕಲಿತೆ. ಬಡ್ತಿಯ ಕಥೆ ಬಿಡೋಣ. ಕುರ್ಚಿ ಮೂರು ಸಲ ಬದಲಾಯಿತು, ತಲೆಯ ಮೇಲಿನ ಫ್ಯಾನು ಅದೇ ಇತ್ತು.

ಲೈಬ್ರರಿ ಮೊದಲ ಸಲ ಕೆಲಸ ಮಾಡಿದ ದಿನ ಗುರುಬಸಪ್ಪನವರು ಬಂದು ಬೆನ್ನ ಹಿಂದೆ ನಿಂತರು.

"ಇದು ಏನ ಮಾಡ್ತದ, ತಂಗಿ?"

"ಇಲ್ಲಿಂದ ಅಲ್ಲಿಗೆ ಮಾತ ಒಯ್ತದ್ರಿ, ಸಾವಕಾರ್ರ. ಅಲ್ಲಿಂದ ಇಲ್ಲಿಗೆ ತರ್ತದ."

"ಅಂದ್ರ ಹಗ್ಗ."

ಅಲ್ಲಿಂದ ಅದರ ಹೆಸರು 'ಹಗ್ಗ' ಆಯಿತು. ಹಿರೇಕೆರೂರಿನ ಕುಡಿಯುವ ನೀರಿನ ಪಂಪುಗಳಿಂದ ಹಿಡಿದು ಶಿಗ್ಗಾಂವದ ಕಾಳಿನ ಗೋದಾಮಿನ ತೇವ ಅಳೆಯುವ ಡಬ್ಬಿಯವರೆಗೆ ಎಲ್ಲ ಕಡೆಯೂ ಹಗ್ಗ ಓಡಾಡಿತು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ತಿಳವಳ್ಳಿ ಕಡೆಯ ಕೆರೆ ಬಂತು.

ತಿಳವಳ್ಳಿಯಿಂದ ಒಳಗೆ ಹೋದರೆ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿನ ಗೌಡರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅಲ್ಲಿಯ ಕೆರೆಯ ತೂಬಿಗೆ ಮೋಟಾರು ಕೂರಿಸಿ, ಅದಕ್ಕೆ ನಮ್ಮ ಡಬ್ಬಿ ಜೋಡಿಸಿದೆವು. ನೀರು ಬಳಕೆದಾರರ ಸಂಘದ ಕಚೇರಿ ಊರೊಳಗೆ, ತೂಬು ಏರಿಯ ಮೇಲೆ. ನಡುವೆ ವೈಫೈ ಆಂಟೆನಾ. ಕಚೇರಿಯ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಒಂದು ಗುಂಡಿ ಒತ್ತಿದರೆ ಮೈಲಿ ದೂರದ ತೂಬಿನ ಕದ ಮೇಲೆದ್ದು ನೀರು ಹೋಗುತ್ತಿತ್ತು. ಸಂಘದ ಅಧ್ಯಕ್ಷರಾದ ಆ ಗೌಡರು ಮೊದಲ ದಿನ ಆ ಗುಂಡಿಗೆ ಕುಂಕುಮ ಹಚ್ಚಲು ಹೋಗಿ ಪರದೆಯನ್ನೆಲ್ಲ ಕೆಂಪು ಮಾಡಿದರು.

ಅದಕ್ಕೆ ಮುಂಚೆ ತೂಬಿನ ಕೀ ಫಕ್ಕೀರಪ್ಪನ ಸೊಂಟದಲ್ಲಿ ಇರುತ್ತಿತ್ತು. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಡಬ್ಬಿ ಬಂದ ಮೇಲೆ ಫಕ್ಕೀರಪ್ಪನನ್ನು ಡಬ್ಬಿ ಕಾಯಲು, ಕಚೇರಿಯ ಬಾಗಿಲು ತೆಗೆಯಲು, ಮುಚ್ಚಲು ಇಟ್ಟುಕೊಂಡರು. ಅವನು ನನಗೆ ಒಮ್ಮೆಯೂ ಕೆಟ್ಟ ಮಾತು ಆಡಲಿಲ್ಲ. ಡಬ್ಬಿಯ ಮೇಲೆ ಹಕ್ಕಿ ಹೇಸಿಗೆ ಮಾಡಿದರೆ ತನ್ನ ಟವೆಲಿನಿಂದಲೇ ಒರೆಸುತ್ತಿದ್ದ.

ಆ ಡಬ್ಬಿಗೂ ಕಚೇರಿಗೂ ನಡುವಿನ ಮಾತು ಬಟ್ಟಬಯಲಲ್ಲಿ ಹೋಗುತ್ತಿತ್ತು. ಅಂದರೆ ಮುಚ್ಚುಮರೆ ಇಲ್ಲ, ದಾರಿಯಲ್ಲಿ ಕಿವಿಗೊಟ್ಟವರಿಗೆಲ್ಲ ಕೇಳಿಸುವಂತಹದ್ದು. ನನಗೆ ಇದು ಗೊತ್ತಿತ್ತು. "ಗದ್ದೆಯ ನಡುವೆ ಇದನ್ನು ಕೇಳುವವರು ಯಾರು?" ಎಂದು ನಾನೇ ಅಂದುಕೊಂಡೆ. ವೈಫೈ ಪಾಸ್‌ವರ್ಡನ್ನು ಯಾರೂ ಮರೆಯಬಾರದೆಂದು ಸಂಘದವರು ಅದನ್ನು ಕಚೇರಿಯ ಬಾಗಿಲ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದರು. ಅದನ್ನೂ ನೋಡಿ ನಕ್ಕು ಬಂದಿದ್ದೆ.

ನಾಲ್ಕೈದು ತಿಂಗಳಲ್ಲಿ ಗೌಡರಿಂದ ಫೋನು ಬಂತು. ತೂಬು ತಾನಾಗಿಯೇ ಏಳುತ್ತಿದೆಯಂತೆ. ಮಧ್ಯಾಹ್ನ ಊಟದ ಹೊತ್ತಿಗೆ ಏಳುತ್ತದೆ, ಸ್ವಲ್ಪ ಹೊತ್ತು ನೀರು ಬಿಡುತ್ತದೆ, ತಾನೇ ಮುಚ್ಚಿಕೊಳ್ಳುತ್ತದೆ. ಮೂರು ಸಲ ಆಗಿದೆ.

ಬಂಕಾಪುರದ ಮೇಲೆ ಹಾನಗಲ್ಲಿಗೆ ಹೋಗಿ, ಅಲ್ಲಿಂದ ತಿಳವಳ್ಳಿ ಬಸ್ಸು ಹಿಡಿದು, ಕಡೆಯ ತುಂಡು ದಾರಿಯನ್ನು ಯಾರದೋ ಟ್ರ್ಯಾಕ್ಟರಿನಲ್ಲಿ ಕೂತು ಮುಟ್ಟಿದೆ. ಡಬ್ಬಿಯ ಒಳಗಿನ ದಾಖಲೆ ತೆಗೆದು ನೋಡಿದೆ. ಮೂರೂ ಸಲ ಡಬ್ಬಿ, 'ಸಂಘದ ಕಚೇರಿಯಿಂದ ಆಜ್ಞೆ ಬಂತು, ತೆಗೆದೆ' ಎಂದು ಬರೆದಿಟ್ಟಿತ್ತು. ನನಗೆ ಹೆಮ್ಮೆಯೇ ಆಯಿತು.

"ನಮ್ಮ ಡಬ್ಬಿದು ಏನೂ ತಪ್ಪಿಲ್ರಿ, ಗೌಡ್ರ. ಆಜ್ಞೆ ನಿಮ್ಮ ಆಫೀಸಿನಿಂದನ ಹೋಗೇತಿ."

"ಕಡೀ ಸಲ ಎದ್ದ ದಿನ ನಾ ಹಿರೇಕೆರೂರಾಗ ಮದವ್ಯಾಗ ಇದ್ನಿ. ಆಫೀಸಿನ ಕೀ ಯಾರ ಕಡೆ ಇತ್ತು?" ಎಂದರು ಗೌಡರು.

ಎಲ್ಲರೂ ಫಕ್ಕೀರಪ್ಪನ ಕಡೆ ನೋಡಿದರು.

"ಅಲ್ರಿ ಗೌಡ್ರ, ನನಗ ಆ ಯಂತ್ರ ಚಾಲೂ ಮಾಡಾಕ ಬರೂದಿಲ್ಲ," ಎಂದ ಅವನು.

"ಕಲ್ತಿರಬೇಕ ಬಿಡೊ. ಡಬ್ಬಿ ಸುಳ್ಳ ಹೇಳ್ತತೇನು? ಕೆಳಗಿನ ಗದ್ದಿಯವ್ರು ಏನರ ಕೈಯಾಗ ಹಾಕಿರಬೇಕ ನಿನಗ."

ಬರುವ ಸೋಮವಾರದ ಸಭೆಯಲ್ಲಿ ಅವನನ್ನು ಕೆಲಸದಿಂದ ಬಿಡಿಸುವುದು ಎಂದಾಯಿತು. ನಾನು ಚೀಲ ತೆಗೆದುಕೊಂಡು ಹೊರಟೆ. ಫಕ್ಕೀರಪ್ಪ ಏರಿಯ ತುದಿಯವರೆಗೆ ಜೊತೆಗೆ ಬಂದ. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ.

"ಅಕ್ಕಾರ, ಒಂದ ಮಾತ ಕೇಳ್ತೇನಿ. ದಿನಾ ಒರಸ್ತೇನಿ ಅದನ್ನ. ಅದಕ್ಕ ನನ್ನ ಮ್ಯಾಲ ಏನ್ರಿ ಸಿಟ್ಟು?"

ನಾನು ದಾರಿಯ ಕಡೆ ನೋಡಿದೆ. ಟ್ರ್ಯಾಕ್ಟರು ಬಂದದ್ದು ಪುಣ್ಯ.

ತಿಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಇಸ್ತ್ರಿ ಮಾಡಿದ ಅಂಗಿ, ಕತ್ತರಿಸಿದ ಮೀಸೆಯ ಒಬ್ಬರು ಎರಡು ಕಪ್ ಚಹಾ ಹಿಡಿದು ಬಂದರು. ಒಂದನ್ನು ನನ್ನ ಮುಂದೆ ಇಟ್ಟು ಪಕ್ಕದಲ್ಲಿ ಕೂತರು.

"ಓಪನ್ ಒಂದು ನಲವತ್ತು," ಎಂದರು.

ನಾನು ತಿರುಗಿ ಅವರ ಮುಖ ನೋಡಿದೆ. ಅದು ನಮ್ಮ ಡಬ್ಬಿಯ ಭಾಷೆ. ಒಂದನೆಯ ತೂಬನ್ನು ನೂರಕ್ಕೆ ನಲವತ್ತರಷ್ಟು ತೆಗೆ ಎಂದು ಅರ್ಥ. ಕಾರ್ಖಾನೆಯ ಹೊರಗೆ ಅದು ಯಾರಿಗೂ ಗೊತ್ತಿರಲಿಲ್ಲ.

"ನಾ ನಿಂಗಪ್ಪ. ಮಿಲಿಟರ್ಯಾಗ ಸಿಗ್ನಲ್‌ದಾಗ ಇದ್ನಿ, ಹವಾಲ್ದಾರ. ಕಿವಿಗೆ ಚಟಾ ಹತ್ತೇತ್ರಿ, ಮೇಡಮ್ಮಾರ. ನಿಮ್ಮ ಡಬ್ಬಿ ನನ್ನ ಮನಿ ಮ್ಯಾಲಿಂದ ಒದರಕೋತ ಹೊಕ್ಕೇತಿ. ಎಷ್ಟ ದಿನಾ ಕೇಳಲಾರದಂಗ ಇರ್ಲಿ?"

"ಮೂರೂ ಸಲ ನೀವ ತಗದ್ರಿ?"

"ನಾನ. ನನ್ನ ಗದ್ದಿ ಕಾಲವಿ ತುದಿಗೆ ಐತಿ. ಗೌಡ್ರು ತಮ್ಮ ಗದ್ದಿ ತುಂಬಿದ ಕೂಡ್ಲೆ ತೂಬ ಮುಚ್ಚತಾರ. ಸರದಿ ನಾಲ್ಕ ತಾಸ ಅಂತ ಬರದ್ರ ಮೂರ ತಾಸಿಗೆ ಮುಚ್ಚತಾರ. ಉಳದ ಒಂದ ತಾಸ ನಾ ತಗೊಂಡೆ. ಅಷ್ಟ. ಆದ್ರ ಫಕ್ಕೀರಪ್ಪನ ಕುತ್ತಿಗಿಗೆ ಬರ್ತದ ಅಂತ ತಿಳೀಲಿಲ್ಲ. ಸೋಮವಾರ ಸಭಾದಾಗ ಎದ್ದ ನಿಂತ ಒಪ್ಪಿಕೋತೇನಿ."

ಆ ಬೆಂಚಿನ ಮೇಲೆ ನನಗೆ ಎರಡು ವಿಷಯ ಹೊಳೆದವು. ತೂಬು ತೆಗೆದವರು ಹವಾಲ್ದಾರರು, ನಿಜ. ಆದರೆ ಯಾರು ಮಾತನಾಡಿದರೂ 'ಕಚೇರಿಯಿಂದ ಬಂತು' ಎಂದು ಬರೆದುಕೊಳ್ಳುವ ಡಬ್ಬಿ ನನ್ನದು. ನಾನು ಅದನ್ನು ನಂಬಿ, ಒಬ್ಬ ಬಡವನ ಮೇಲೆ ಸಾಕ್ಷಿ ಹೇಳಿ ಬಂದಿದ್ದೆ.

"ನೀವ ಸುಮ್ನ ಕುಂದರ್ರಿ. ಮೊದಲ ನಾ ಮಾತಾಡ್ತೇನಿ," ಎಂದೆ.

ಸೋಮವಾರ ಮತ್ತೆ ಹೋದೆ. ಸಭೆಯಲ್ಲಿ ಇಪ್ಪತ್ತು ಜನ ಇದ್ದಿರಬೇಕು. ಗೌಡರು ಫಕ್ಕೀರಪ್ಪನ ವಿಷಯ ಎತ್ತುವ ಮುಂಚೆ ನಾನು ಎದ್ದೆ. ಬಾಗಿಲ ಮೇಲಿನ ಸುಣ್ಣದ ಅಕ್ಷರ ನೋಡಿ ನನ್ನ ಲ್ಯಾಪ್‌ಟಾಪನ್ನು ವೈಫೈಗೆ ಸೇರಿಸಿದೆ. ಮೂರು ಪದ ಟೈಪು ಮಾಡಿದೆ. ಏರಿಯ ಮೇಲಿದ್ದ ಫಕ್ಕೀರಪ್ಪನಿಂದ ಗೌಡರಿಗೆ ಫೋನು ಬಂತು, ದನಿ ಎಲ್ಲರಿಗೂ ಕೇಳಿಸಿತು.

"ಗೌಡ್ರ, ಮತ್ತ ಎದ್ದೇತ್ರೀ ಇದು! ನಾ ಅಲ್ರಿ! ನಾ ದೂರ ನಿಂತೇನಿ!"

"ನಾನ್ರಿ ತಗದಾಕಿ," ಎಂದೆ ಸಭೆಗೆ. "ಯಾರ ಬೇಕಾದ್ರೂ ತೆಗೀಬಹುದು. ಡಬ್ಬಿಗೆ ಯಾರು ಅಂತ ಕೇಳೂದ ನಾ ಕಲಸಿಲ್ಲ. ತಪ್ಪ ಫಕ್ಕೀರಪ್ಪಂದಲ್ಲ, ನಂದು."

ಗೌಡರು ಹುಬ್ಬು ಗಂಟಿಕ್ಕಿದರು. "ನಮ್ಮ ಊರಾಗ ಇಷ್ಟ ತಿಳದಾವ ಯಾರದಾನ?"

ಇಪ್ಪತ್ತು ಜನರ ಕಣ್ಣು ಹವಾಲ್ದಾರರ ಮೇಲೆ ಹೋಯಿತು. ಹವಾಲ್ದಾರರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, "ಮೇಡಮ್ಮಾರ ತಮ್ಮ ತಪ್ಪು ಅಂದ ಮ್ಯಾಲ ಮುಗೀತಲ್ಲ, ಚಾ ತರಸ್ರಿ," ಎಂದರು. ಅವರ ಗದ್ದೆಯೂ ಕಾಲುವೆಯ ತುದಿಗೇ ಇತ್ತೆಂದು ನನಗೆ ಆಮೇಲೆ ತಿಳಿಯಿತು. ಹವಾಲ್ದಾರರು ಬಾಯಿ ಮುಚ್ಚಿ ಫ್ಯಾನು ನೋಡತೊಡಗಿದರು. ಫಕ್ಕೀರಪ್ಪನ ಕೆಲಸ ಉಳಿಯಿತು.

ನನ್ನ ಕೆಲಸ ಉಳಿಯುತ್ತದೆಂಬ ಧೈರ್ಯ ಇರಲಿಲ್ಲ. ಗುರುಬಸಪ್ಪನವರ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದೆ.

"ಹಗ್ಗಾ ಯಾರ ಬೇಕಾದ್ರೂ ಜಗ್ಗಬಹುದು ಅಂದಂಗಾತು," ಎಂದರು. "ಎಷ್ಟ ದಿನ ಬೇಕು?"

"ಹದಿನೈದ ದಿನ ಸಾಕ್ರಿ."

ಮಕ್ಕಳೇ, 'ಸಾಕು' ಎನ್ನುವ ಪದವನ್ನು ಮಾಲೀಕರ ಎದುರು ಆಡಬೇಡಿ. ನನಗೆ ಹಿಡಿದದ್ದು ಒಂದೂವರೆ ವರ್ಷ.

ಮೊದಲ ಮೂರು ದಿನ ನನ್ನ ಅಹಂಕಾರಕ್ಕೇ ಹೋದವು. ಗುಟ್ಟಿನ ಲಿಪಿಯನ್ನು ನಾನೇ ಕಟ್ಟುತ್ತೇನೆಂದು ಹೊರಟೆ. ಅಕ್ಷರಗಳನ್ನು ಮುಂದಕ್ಕೆ ಸರಿಸಿದೆ, ತಿರುವಿ ಹಾಕಿದೆ, ನಡುವೆ ಕಸ ತುಂಬಿದೆ. ನೋಡಿದರೆ ನನಗೇ ತಲೆ ತಿರುಗುವಂತಿತ್ತು. ಅದರಲ್ಲಿ ಒಂದು ಸಾಲು ಬರೆದು ಹವಾಲ್ದಾರರ ಫೋನಿಗೆ ಕಳಿಸಿ, 'ಓದಿ ನೋಡ್ರಿ' ಎಂದೆ. ಸ್ವಲ್ಪ ಹೊತ್ತಿಗೆ ಅವರ ಕರೆ ಬಂತು.

"ಮೇಡಮ್ಮಾರ, ಚಾ ಇನ್ನ ಬಿಸಿ ಐತಿ. 'ಹವಾಲ್ದಾರರು ಸೋತರು' ಅಂತ ಬರದೀರಿ, ಹೌದಲ್ರಿ?"

ಆ ದಿನ ಕಲಿತದ್ದು ಇಷ್ಟು. ಬೀಗ ಮಾಡುವುದು ಬೇರೆಯವರ ವಿದ್ಯೆ. ಎಷ್ಟೋ ಜನ ತಲೆ ಕೆಡಿಸಿಕೊಂಡು, ಒಬ್ಬರ ತಪ್ಪನ್ನು ಒಬ್ಬರು ಹುಡುಕಿ ಗಟ್ಟಿ ಮಾಡಿದ ಬೀಗ ಎಲ್ಲರಿಗೂ ಸಿಗುವಂತೆ ಇದೆ. ಅದನ್ನು ತಂದು ನಮ್ಮ ಬಾಗಿಲಿಗೆ ಸರಿಯಾಗಿ ಕೂರಿಸುವುದಷ್ಟೇ ನಮ್ಮ ಕೆಲಸ. ಆ ಕೂರಿಸುವುದರಲ್ಲೇ ಕೂದಲು ನೆರೆಯುತ್ತದೆ.

ಆ ಬೀಗ ಎರಡು ಕೆಲಸ ಮಾಡುತ್ತದೆ. ಒಂದು, ಮಾತನ್ನು ದಾರಿಯಲ್ಲಿ ಯಾರಿಗೂ ಕೇಳದಂತೆ ಮುಚ್ಚುತ್ತದೆ. ಎರಡು, ಎದುರಿಗೆ ಇರುವವರು ನಿಜವಾಗಿ ಯಾರೆಂದು ಅವರ ಗುರುತಿನ ಪತ್ರ ಕೇಳಿ ನೋಡುತ್ತದೆ. ಹಗ್ಗದ ಒಳಗೆ ಇದನ್ನು ಹೊಲಿಯುವುದಕ್ಕೆ ಹೊಲಿಗೆ ಪೂರ್ತಿ ಬಿಚ್ಚಬೇಕಾಯಿತು. ಮುಂಚೆ ನನ್ನ ಹಗ್ಗ 'ಓದು' ಎಂದರೆ ಓದುತ್ತಿತ್ತು. ಈಗ ಓದು ಎಂದರೆ, 'ತಡಿ, ಮೊದಲು ಆ ಕಡೆಗೆ ಒಂದು ಮಾತು ಬರೆಯಬೇಕು, ಆಮೇಲೆ ಓದುತ್ತೇನೆ' ಎನ್ನತೊಡಗಿತು. ಸೊಸೆ ಬಂದ ಮನೆಯಲ್ಲಿ ಅಡುಗೆಮನೆಯ ಡಬ್ಬಿಗಳ ಜಾಗವೆಲ್ಲ ಬದಲಾದ ಹಾಗೆ.

ಕೊನೆಗೂ ಆಯಿತು. ತಿಳವಳ್ಳಿ ಕಡೆಗೆ ಹೋಗಿ ಹೊಸ ಪ್ರೋಗ್ರಾಮು ಹಾಕಿದೆ. ತೂಬು ಎದ್ದಿತು, ಮುಚ್ಚಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಬಂತು. ಡಬ್ಬಿ ಮುಷ್ಕರ ಹೂಡಿತು. ಕಚೇರಿಯ ಗುರುತಿನ ಪತ್ರವನ್ನು ಒಪ್ಪಲು ಅದು ತಯಾರಿಲ್ಲ. 'ಈ ಪತ್ರದ ಕಾಲ ಇನ್ನೂ ಬಂದಿಲ್ಲ' ಎಂದು ದಾಖಲೆಯಲ್ಲಿ ಬರೆಯುತ್ತಿತ್ತು.

ಏರಿಯ ಮೇಲೆ ಕೂತು ಎರಡು ತಾಸು ನೋಡಿದ ಮೇಲೆ ತಿಳಿಯಿತು. ಕರೆಂಟು ಹೋದಾಗಲೆಲ್ಲ ಡಬ್ಬಿಯ ಗಡಿಯಾರ ಸಾವಿರದ ಒಂಬೈನೂರ ಎಪ್ಪತ್ತರ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತಿತ್ತು. ಆ ಡಬ್ಬಿಯ ಲೆಕ್ಕದಲ್ಲಿ ನಾನಿನ್ನೂ ಹುಟ್ಟಿರಲಿಲ್ಲ. ಹುಟ್ಟದೇ ಇರುವವಳು ಮಾಡಿದ ಗುರುತಿನ ಪತ್ರವನ್ನು ಅದು ಹೇಗೆ ನಂಬೀತು? ಡಬ್ಬಿಯೇ ಸರಿ. ನನ್ನ ಅಬ್ಬಾ ಸವಣೂರಿನಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅವರ ಮಗಳು ಗಡಿಯಾರವನ್ನೇ ಮರೆತಿದ್ದಳು.

ಅಲ್ಲೇ ಮಾಡಿದೆ ನೋಡಿ ನನ್ನ ಜೀವಮಾನದ ದೊಡ್ಡ ತಪ್ಪು. ಬಸ್ಸಿಗೆ ಹೊತ್ತಾಗುತ್ತಿತ್ತು. ಗೌಡರು ತಲೆಯ ಮೇಲೆ ನಿಂತಿದ್ದರು. ಗುರುತಿನ ಪತ್ರ ನೋಡುವ ಸಾಲನ್ನು ತೆಗೆದುಬಿಟ್ಟೆ. ಪಕ್ಕದಲ್ಲಿ 'ನಾಳೆ ಮತ್ತೆ ಹಾಕಬೇಕು' ಎಂದು ಬರೆದೆ. ತೂಬು ಎದ್ದಿತು. ಮನೆಗೆ ಬಂದೆ. ಆ ನಾಳೆ ನಾಲ್ಕು ತಿಂಗಳಾದರೂ ಬರಲಿಲ್ಲ.

ಒಂದು ಮುಂಜಾನೆ ಶಿಗ್ಗಾಂವದಲ್ಲಿ ನನ್ನ ಪರದೆ ತೆರೆದೆ. ಎಲ್ಲ ಡಬ್ಬಿಗಳೂ ತಮ್ಮ ಹೆಸರು, ಸ್ಥಿತಿ ಹೇಳುವ ಪಟ್ಟಿ ಅದು. ಹಿರೇಕೆರೂರು ಪಂಪು: ಚಾಲೂ. ಗೋದಾಮು: ಸರಿ. ತಿಳವಳ್ಳಿ ಕಡೆಯ ತೂಬಿನ ಮುಂದೆ ಸ್ಥಿತಿಯ ಜಾಗದಲ್ಲಿ ಹೀಗೆ ಬರೆದಿತ್ತು: 'ನಮಸ್ಕಾರ ಮೇಡಮ್ಮಾರ. ಬೀಗ ಚೊಲೋ ಐತಿ. ಯಾರು ಅಂತ ಕೇಳೂದ ಮರತೀರಿ.'

ನಾನು ಮುಖ ಮುಚ್ಚಿಕೊಂಡೆ. ಹಗ್ಗ ಎರಡೂ ತುದಿಯಲ್ಲಿ ಗುರುತು ಕೇಳುವುದನ್ನು ಬಿಟ್ಟಿದ್ದರಿಂದ ಹವಾಲ್ದಾರರು ನಡುವೆ ಕೂತು, ಡಬ್ಬಿಗೆ 'ನಾನೇ ಕಚೇರಿ' ಎಂದು, ಕಚೇರಿಗೆ 'ನಾನೇ ಡಬ್ಬಿ' ಎಂದು ಹೇಳಿ ಇಬ್ಬರನ್ನೂ ನಂಬಿಸಿದ್ದರು. ತಕ್ಷಣ ಫೋನು ಮಾಡಿದೆ.

"ತೂಬು ಮುಟ್ಟೀರೇನ್ರಿ?"

"ಇಲ್ರಿ. ಫಕ್ಕೀರಪ್ಪನ ಆಣಿ ಮಾಡೇನಿ, ಮುಟ್ಟೂದಿಲ್ಲ ಅಂತ. ಬಾಗಲಾ ತಟ್ಟಿ ನೋಡಿದೆ, ಅಷ್ಟ. ತಗದೇ ಇತ್ತು."

ಗುರುಬಸಪ್ಪನವರು ಆ ಸಾಲನ್ನು ನನ್ನಿಂದ ಜೋರಾಗಿ ಓದಿಸಿದರು. ಎರಡು ಸಲ. ಆಮೇಲೆ, "ಅವರಿಗೆ ನಮ್ಮ ಕಾರ್ಖಾನ್ಯಾಗ ಒಂದ ಕುರ್ಚಿ ಹಾಕಿಸೂಣೇನು? ನಿನಗಿಂತ ಹುಷಾರ ಅದಾರ," ಎಂದರು. ಅದಕ್ಕಿಂತ ಹೆಚ್ಚು ಬೈಗುಳ ಆ ಮನುಷ್ಯನ ಬಾಯಲ್ಲಿ ನಾನು ಕೇಳಲಿಲ್ಲ. ಅದೇ ಸಾಕಾಗಿತ್ತು.

ಪ್ರತಿ ಡಬ್ಬಿಗೂ ಗುಂಡಿಯಂಥ ಸಣ್ಣ ಸೆಲ್ಲು ಹಾಕುವ ಗಡಿಯಾರ ಕೂರಿಸಿದೆವು. ಕರೆಂಟು ಹೋದರೂ ಇಸವಿ ಮರೆಯದು. ಗುರುತು ಕೇಳುವ ಸಾಲನ್ನು ವಾಪಸು ಹಾಕಿ, ಅದನ್ನು ತೆಗೆಯಲು ಯಾರಾದರೂ ಹೋದರೆ ಹಗ್ಗ ಕೆಲಸವನ್ನೇ ಮಾಡಬಾರದು ಎಂದು ಬರೆದೆ. 'ಯಾರಾದರೂ' ಎಂದರೆ ನಾನೇ. ಹವಾಲ್ದಾರರು ಒಂದು ವಾರ ಬಾಗಿಲು ತಟ್ಟಿ, ಸೋತೆನೆಂದು ಫೋನು ಮಾಡಿದರು. ಅವರ ದನಿಯಲ್ಲಿ ಸ್ವಲ್ಪ ಬೇಸರ ಇತ್ತು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಗೌಡರಿಗೆ ಇನ್ನೊಂದು ತೊಂದರೆ. ಅವರ ಬ್ರೌಸರಿನಲ್ಲಿ ತೂಬಿನ ಸ್ಥಿತಿ ತಾನಾಗಿ ಬದಲಾಗುತ್ತಿರಲಿಲ್ಲ. ಮತ್ತೆ ಮತ್ತೆ ಪುಟವನ್ನು ಹೊಸದಾಗಿ ತರಿಸಬೇಕು. ಗೌಡರು ಗುಂಡಿ ಒತ್ತಿ ಒತ್ತಿ ಕೀಬೋರ್ಡಿನ ಒಂದು ಅಕ್ಷರವೇ ಒಳಗೆ ಕೂತಿತ್ತು.

"ನಾ ಕೇಳಿದ ಮ್ಯಾಲ ಯಾಕ ಹೇಳಬೇಕದು? ತಾನ ಹೇಳ್ಬೇಕು. ತೂಬ ಅಲ್ಲಾಡಿದ್ರ ಇಲ್ಲಿ ಅಲ್ಲಾಡಬೇಕು," ಎಂದು ಸಭೆಯಲ್ಲಿ ಠರಾವು ಮಾಡಿಸಿದರು. ಜೊತೆಗೆ, 'ತೂಬನ್ನು ತೆಗೆಯುವ ಮತ್ತು ಮುಚ್ಚುವ ಅಧಿಕಾರವು ಅಧ್ಯಕ್ಷರಿಗೆ ಮಾತ್ರ ಇರತಕ್ಕದ್ದು' ಎಂದೂ ಬರೆಸಿ, ಸಹಿ ಹಾಕಿ, ನಮಗೆ ಪ್ರತಿ ಕಳಿಸಿದರು. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡೆ.

ಬ್ರೌಸರುಗಳಿಗೆ ಇದಕ್ಕೊಂದು ವ್ಯವಸ್ಥೆ ಇದೆ. ಮಾಮೂಲಿ ಪುಟ ಕೇಳಿದ ಹಾಗೆ ಮಾತು ಶುರು ಮಾಡಿ, 'ಇನ್ನು ಫೋನು ಇಡುವುದು ಬೇಡ, ಇಬ್ಬರೂ ಹಿಡಿದುಕೊಂಡೇ ಇರೋಣ' ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ಆಮೇಲೆ ಯಾರಿಗೆ ಹೇಳಬೇಕೆನಿಸಿದರೂ ತಕ್ಷಣ ಹೇಳಬಹುದು. ಆದರೆ ಪುಟಕ್ಕೆ ಬೀಗ ಹಾಕಿದ ಮೇಲೆ ಬೀಗವಿಲ್ಲದ ಇಂಥ ಸಂಪರ್ಕವನ್ನು ಬ್ರೌಸರು ಒಪ್ಪುವುದಿಲ್ಲ. ಹಾಗಾಗಿ ಎರಡೂ ಒಂದೇ ಹಗ್ಗದಲ್ಲಿ ಹೊಸೆಯಬೇಕಾಯಿತು. ಆ ಒಪ್ಪಂದಕ್ಕೆ ಒಂದು ಉದ್ದನೆಯ ಸಂಕೇತವಿದೆ, ಜಗತ್ತಿನ ಎಲ್ಲರಿಗೂ ಅದೇ. ಅದನ್ನು ನೋಡಿ ಬರೆಯುವಾಗ ಒಂದು ಅಕ್ಷರ ತಪ್ಪು ಬರೆದೆ. ಎರಡು ದಿನ ಬ್ರೌಸರು ಕಾರಣ ಹೇಳದೆ ಫೋನು ಇಡುತ್ತಲೇ ಇತ್ತು. ಮೂರನೆಯ ದಿನ ಗುರುಬಸಪ್ಪನವರು ಕನ್ನಡಕ ಹಾಕಿಕೊಂಡು ಎರಡೂ ಸಾಲುಗಳ ಮೇಲೆ ಬೆರಳಿಟ್ಟು ಹೋಲಿಸುತ್ತಾ ಹೋಗಿ, "ಇಲ್ಲಿ ಐದ ಐತಿ, ನೀ ಆರ ಬರದಿ," ಎಂದರು. ಇಂಗ್ಲಿಷಿನಲ್ಲಿ ಅವರಿಗೆ ಅಂಕಿಗಳು ಮಾತ್ರ ಬರುತ್ತಿದ್ದವು.

ಎಲ್ಲ ಮುಗಿಸಿ ಸಂಘದ ಕಚೇರಿಯಲ್ಲಿ ತೋರಿಸಲು ಹೋದೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮೇಲೆ ಪುಟ ಬೀಳುವಂತೆ ಮಾಡಿದ್ದರು. ಗೌಡರು 'ತೆಗೆ' ಒತ್ತಿದರು. ಪರದೆ, 'ಮುಚ್ಚಿದೆ' ಎಂದಿತು. ಏರಿಯಿಂದ ಫಕ್ಕೀರಪ್ಪ ಫೋನಿನಲ್ಲಿ ಕೂಗಿದ.

"ಎದ್ದೇತ್ರೀ!"

ಗೌಡರು 'ಮುಚ್ಚು' ಒತ್ತಿದರು. ಪರದೆ, 'ತೆರೆದಿದೆ' ಎಂದಿತು.

"ಮುಚ್ಚೇತ್ರೀ!"

"ಯಾರ ಸುಳ್ಳ ಹೇಳಾಕತ್ತೀರಿ?" ಎಂದರು ಗೌಡರು. ಮತ್ತೆ ಒತ್ತಿದರು. ಮತ್ತೆ ತಿರುವು ಮುರುವು. ಸಭೆಯಲ್ಲಿ ನಗು ಶುರುವಾಯಿತು. ನಾನು ತಂತಿ ಬದಲಿಸಿದೆ, ಪುಟ ಮುಚ್ಚಿ ತೆರೆದೆ. ಏನೂ ಆಗಲಿಲ್ಲ. ಕಡೆಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಹವಾಲ್ದಾರರು ಕೈ ಎತ್ತಿದರು.

"ಮೇಡಮ್ಮಾರ, ಅದು ಸುಳ್ಳ ಹೇಳವಲ್ದು. ಹಿಂದಿನ ಮಾತ ಹೇಳಾಕತ್ತೇತಿ. ಒಂದ ಮಾತ ಎಲ್ಲೋ ಹಿಡಕೊಂಡ ಕುಂತೇತಿ ನೋಡ್ರಿ."

ಆ ಒಂದು ವಾಕ್ಯ ನನಗೆ ಸಾಕಾಯಿತು. ಬೀಗದ ಪದರ ತಂತಿಯಿಂದ ಎರಡು ಮಾತುಗಳನ್ನು ಒಟ್ಟಿಗೆ ಎಳೆದುಕೊಂಡು, ಒಂದನ್ನು ನನ್ನ ಹಗ್ಗಕ್ಕೆ ಕೊಟ್ಟು, ಇನ್ನೊಂದನ್ನು ತನ್ನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿತ್ತು. ನನ್ನ ಹಗ್ಗವೋ ತಂತಿಯನ್ನು ಮಾತ್ರ ನೋಡಿ, 'ಹೊಸದೇನೂ ಬಂದಿಲ್ಲ' ಎಂದು ಕೈಕಟ್ಟಿ ಕೂರುತ್ತಿತ್ತು. ಮುಂದಿನ ಮಾತು ಬಂದಾಗಲೇ ಕಿಸೆಯ ಹಳೆಯ ಮಾತು ಹೊರಗೆ ಬರುತ್ತಿತ್ತು. ತಂತಿ ನೋಡುವ ಮುಂಚೆ ಕಿಸೆ ಮುಟ್ಟಿ ನೋಡು ಎಂದು ಎರಡು ಸಾಲು ಸೇರಿಸಿದೆ. ಅಷ್ಟೇ ತಿದ್ದುಪಡಿ. ನೀವು ಮುಂದೆ ಇದೇ ತಪ್ಪು ಮಾಡುತ್ತೀರಿ. ಮಾಡದವರನ್ನು ನಾನು ಇನ್ನೂ ನೋಡಿಲ್ಲ.

ಗೌಡರು 'ತೆಗೆ' ಒತ್ತಿದರು. ಪಂಚೆಯ ಮೇಲಿನ ತೂಬಿನ ಚಿತ್ರ ನಿಜವಾದ ತೂಬಿನ ಜೊತೆ ಜೊತೆಗೆ, ಗೇಣು ಗೇಣಾಗಿ ಎದ್ದಿತು. ಫಕ್ಕೀರಪ್ಪನಿಗೆ ಕೂಗಲು ಪುರುಸೊತ್ತೇ ಸಿಗಲಿಲ್ಲ. ಗೌಡರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ. ಅವರೂ ಅವರ ಅಪ್ಪನೂ ಆ ಕೆರೆಯ ಜೊತೆ ಬೆಳೆದವರೇ. ಇದನ್ನೂ ಬರೆಯದೇ ಹೋದರೆ ಅನ್ಯಾಯವಾದೀತು.

ಈಗ ಆ ಠರಾವಿನ ಕಾಗದ. ತೆಗೆಯುವ, ಮುಚ್ಚುವ ಅಧಿಕಾರ ಅಧ್ಯಕ್ಷರಿಗೆ ಮಾತ್ರ ಎಂದಿತ್ತು. ಹಾಗೆಯೇ ಮಾಡಿದ್ದೆ. ಆ ಎರಡು ಗುಂಡಿಗಳಿಗೆ ಹವಾಲ್ದಾರರೂ ಮುರಿಯದ ಬೀಗ. ಆದರೆ ನೋಡುವ ಅಧಿಕಾರ ಯಾರಿಗೆ ಎಂದು ಕಾಗದದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಗುರುಬಸಪ್ಪನವರನ್ನು ಕೇಳಿದೆ.

"ಬರದದ್ದಷ್ಟ ಮಾಡು," ಎಂದು ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದರು. ಭುಜ ಅಲುಗುತ್ತಿತ್ತು.

ಹಾಗಾಗಿ ಪುಟವನ್ನು ಯಾರು ಬೇಕಾದರೂ ನೋಡಬಹುದಾಗಿತ್ತು. ವಿಳಾಸವನ್ನು ಫಕ್ಕೀರಪ್ಪನೇ ಒಂದು ಸುಣ್ಣದ ಡಬ್ಬಿ ತಂದು ಕಚೇರಿಯ ಬಾಗಿಲ ಮೇಲೆ, ಅಳಿಸಿದ ಪಾಸ್‌ವರ್ಡಿನ ಜಾಗದಲ್ಲಿ ಬರೆಸಿದ. ಮೇಲಿನ ಗದ್ದೆಯವರು, ಕೆಳಗಿನ ಗದ್ದೆಯವರು, ಅವರ ಹೆಂಡಂದಿರು, ಎಲ್ಲರ ಫೋನಿನಲ್ಲೂ ತೂಬು ಬಂತು.

ಮುಂದಿನ ಸರದಿಯ ದಿನ ನಡೆದದ್ದನ್ನು ಹವಾಲ್ದಾರರು ನನಗೆ ಹೇಳಿದರು. ನಾಲ್ಕು ತಾಸಿನ ನೀರು. ಮೂರು ತಾಸು ಆಗುತ್ತಿದ್ದಂತೆ ಗೌಡರು ರೂಢಿಯ ಹಾಗೆ 'ಮುಚ್ಚು' ಒತ್ತಿದರು. ತೂಬು ಇಳಿಯತೊಡಗಿತು. ಅದು ಪೂರ್ತಿ ಕೂರುವ ಮುಂಚೆಯೇ ಗೌಡರ ಫೋನು ರಿಂಗಾಯಿತು. ಮೊದಲು ಹವಾಲ್ದಾರರಲ್ಲ, ಕೆಳಗಿನ ಗದ್ದೆಯ ನೀಲವ್ವ ಎನ್ನುವ ಹೆಣ್ಣುಮಗಳು.

"ಯಾಕ್ರಿ ಗೌಡ್ರ, ಕೈ ತಾಕಿತೇನು? ತೂಬ ಮುಚ್ಚಾಕತ್ತೇತಿ ನೋಡ್ರಿ. ಇನ್ನೊಂದ ತಾಸ ಐತಿ."

ಅವಳ ಹಿಂದೆ ಇನ್ನೊಬ್ಬರು. ಅವರ ಹಿಂದೆ ಮತ್ತೊಬ್ಬರು. ಎಲ್ಲರೂ ಬಹಳ ಗೌರವದಿಂದ, 'ಕೈ ತಾಕಿತೇನು' ಎಂದೇ ಕೇಳಿದರಂತೆ. ಗೌಡರು ಏಳನೆಯ ಕರೆಗೆ ತೂಬು ಮತ್ತೆ ತೆಗೆದರು. ಆ ಸಲ ಕಾಲುವೆಯ ತುದಿಯ ಗದ್ದೆಗಳಲ್ಲಿ ನೀರು ಮಿಂಚಿತು.

ವಾರದ ಮೇಲೆ ಗೌಡರು ನನಗೆ ಫೋನು ಮಾಡಿದರು. ಮೊದಲು ಆರೋಗ್ಯ ವಿಚಾರಿಸಿದರು. ಸವಣೂರಿನಲ್ಲಿ ಮಳೆ ಹೇಗೆ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿದರು.

"ಮೇಡಮ್ಮಾರ, ನೀವ ಮಾಡಿದ್ದು ಭಾಳ ಚಲೋ ಆಗೇತಿ. ತಪ್ಪ ಇಲ್ಲ. ಆದ್ರ ಸ್ವಲ್ಪ ಭಾಳ ಜಲ್ದಿ ಆತು. ಅದನ್ನ ಒಂದ ತಾಸ ತಡಾ ಮಾಡಾಕ ಬರ್ತದೇನ್ರಿ?"

ಒಂದೂವರೆ ವರ್ಷ ಕೂದಲು ನೆರೆಸಿಕೊಂಡು, ಕಣ್ಣೆವೆ ಬಡಿಯುವಷ್ಟರಲ್ಲಿ ಸುದ್ದಿ ಮುಟ್ಟುವಂತೆ ಮಾಡಿದ ಹಗ್ಗಕ್ಕೆ ಬಂದ ಒಂದೇ ಒಂದು ದೂರು ಅದು. ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ದನಿಯಲ್ಲಿ ನಗು ಬಾರದಂತೆ ನೋಡಿಕೊಂಡೆ.

"ಬರ್ತದ್ರಿ, ಗೌಡ್ರ. ಯಾಕ ಬರೂದಿಲ್ಲ? ತಡಾ ಮಾಡ್ಬೇಕು ಅಂತ ಸಭಾದಾಗ ಒಂದ ಠರಾವ ಮಾಡ್ರಿ. ಎಲ್ಲಾರ ಸಹಿ ಹಾಕ್ಸಿ ಕಳಸ್ರಿ. ಅವತ್ತ ಮಾಡಿ ಕೊಡ್ತೇನಿ."



"ಎಲ್ಲಾರದೂ ಬೇಕೇನ್ರಿ ಸಹಿ?"

"ಎಲ್ಲಾರದೂ, ಗೌಡ್ರ."

"ನೋಡೂಣಂತ," ಎಂದು ಫೋನು ಇಟ್ಟರು.

ನಾನು ನಿವೃತ್ತಳಾಗುವ ದಿನದವರೆಗೂ ಆ ಠರಾವು ಬರಲಿಲ್ಲ.